ಮಾರ್ಕೀಸಳ ಕರು

ಮಾರ್ಚ್ ತಿಂಗಳಲ್ಲಿ ಮಂಜುಗಡ್ಡೆ ಕಟ್ಟಿದ ಮನೆಯ ಮೆಟ್ಟಿಲ ಮೇಲೆ ಜಾರಿ ಬಿದ್ದು ಆರ್ಲೆಟ್ ದೆಲ್ಪೂಶಳ ಬಲಭುಜ ಮುರಿದಾಗ ಊರವರೆಲ್ಲ ಅಯ್ಯೋ ಪಾಪ ಎಂದರು. ಆರ್ಲೆಟ್ ಮಾತ್ರ ಅಯ್ಯೋ ಎನ್ನಲಿಲ್ಲ. ಬಿದ್ದಲ್ಲಿಂದಲೇ ಮೆಟ್ಟಿಲಿಗೆ ಚೆನ್ನಾಗಿ ಬೈದಳು. ಬೈಯುವುದು ಆಕೆಗೆ ಉಸಿರಾಡಿದಷ್ಟು ಸಲೀಸು. ಹವೆಗೆ ಬೈಯುತ್ತಾಳೆ, ಪಾದ್ರಿಗೆ ಬೈಯುತ್ತಾಳೆ, ರೇಡಿಯೋದಲ್ಲಿ ಮಾತಾಡುವವರಿಗೆ ಉತ್ತರ ಕೊಟ್ಟು ಬೈಯುತ್ತಾಳೆ. ಅರವತ್ತೆಂಟು ವರ್ಷದಲ್ಲಿ ಆಕೆಯ ಬಾಯಿಗೆ ಸಿಗದೆ ಉಳಿದದ್ದು ಆಕೆಯ ಮೂವತ್ತಾರು ಕೆಂಪು ಹಸುಗಳು ಮಾತ್ರ.

ಮೋರಿಯಾಕ್ ಪಟ್ಟಣದ ಡಾಕ್ಟರು ಎಲುಬು ಕೂಡಿಸಿ ತಗಡು ಹಾಕಿದರು. ಆಮೇಲೆ ಕನ್ನಡಕ ತೆಗೆದು, ಇನ್ನು ಮೇಲೆ ಭಾರ ಎತ್ತಬಾರದು, ಹಾಲು ಕರೆಯಬಾರದು, ಗಾಲಿಯಷ್ಟು ದೊಡ್ಡ ಚೀಸಿನ ಗಟ್ಟಿ ಉರುಳಿಸಬಾರದು ಎಂದರು.

"ಹಾಗಾದ್ರೆ ಏನ್ ಮಾಡ್ಲಿ ಡಾಕ್ಟ್ರೇ, ಹೂವಿನ ಕಸೂತಿ ಹಾಕ್ಲಾ?" ಎಂದು ಕೇಳಿದಳು ಆರ್ಲೆಟ್.

ಡಾಕ್ಟರು ನಕ್ಕರು. ಆಕೆ ನಗಲಿಲ್ಲ. ಕಾಂತಾಲ್ ಬೆಟ್ಟದ ನೆತ್ತಿಯಲ್ಲಿ ಒಂದು ಕಾಲಕ್ಕೆ ಹನ್ನೆರಡು ಕಲ್ಲುಗುಡಿಸಲುಗಳಿಂದ ಬೇಸಿಗೆಯಿಡೀ ಹೊಗೆ ಏಳುತ್ತಿತ್ತು, ಹನ್ನೆರಡರಲ್ಲೂ ಚೀಸ್ ಆಗುತ್ತಿತ್ತು. ಈಗ ಹನ್ನೊಂದರ ಸೂರು ಕುಸಿದು ಒಳಗೆ ತುರುಚಿ ಗಿಡ ಬೆಳೆದಿದೆ. ಉಳಿದಿರುವುದು ಆರ್ಲೆಟಳದೊಂದು. ಆಕೆ ಹಾಲು ಕರೆಯುವುದು ಬಿಟ್ಟರೆ ಆ ಬೆಟ್ಟದ ಹಾಲು ಅಲ್ಲಿಗೆ ಮುಗಿಯಿತು.

ಹಸುಗಳನ್ನು ಕೊಳ್ಳಲು ಗಿರಾಕಿ ಕಾದು ಕೂತಿದ್ದ. ಕಲ್ಲುಗೋಡೆಯ ಆಚೆ ಹುಲ್ಲುಗಾವಲಿನ ರೆಜಿಸ್ ಆಪ್ಶ್ಯಾಂ. ಐವತ್ತು ದಾಟಿದವನು, ಕೆಟ್ಟವನಲ್ಲ. ಅವನ ಹತ್ತಿರವೂ ಇದೇ ಕೆಂಪು ತಳಿಯ ಹಸುಗಳೇ ಇದ್ದವು. ಆದರೆ ಅವನು ಹಾಲು ಕರೆಯುತ್ತಿರಲಿಲ್ಲ. ಕರುಗಳು ಕುಡಿದು ಬೆಳೆಯಲಿ ಎಂದು ಬಿಡುತ್ತಿದ್ದ, ಬೆಳೆದ ಮೇಲೆ ಲಾರಿ ಹತ್ತಿಸಿ ಇಟಲಿಗೆ ಮಾಂಸಕ್ಕೆ ಕಳಿಸುತ್ತಿದ್ದ.

"ಆರ್ಲೆಟಕ್ಕ, ನಿನ್ ಹಸುಗಳು ನನ್ ಹತ್ರ ಸುಖವಾಗಿರ್ತವೆ. ದಿನಕ್ಕೆರಡು ಸಲ ಯಾರೂ ಅವುಗಳ ಕೆಚ್ಚಲಿಗೆ ಕೈ ಹಾಕಲ್ಲ" ಎಂದಿದ್ದ.

"ಅವುಗಳ ಕರುಗೆ ಕೈ ಹಾಕ್ತೀಯಲ್ಲ ನೀನು" ಎಂದಿದ್ದಳು ಆರ್ಲೆಟ್. ಆದರೆ ಬೇಡ ಎಂದಿರಲಿಲ್ಲ. ಜೂನ್ ತಿಂಗಳ ಕೊನೆಯ ಭಾನುವಾರ ಬಾ, ಆವತ್ತು ಹೇಳ್ತೀನಿ ಎಂದಿದ್ದಳು.

ಅಲ್ಲಿಯವರೆಗೆ ಗಡುವು ಕೇಳಿದ್ದಕ್ಕೆ ಕಾರಣ ಗ್ವೆನೋಲಾ.

ಗ್ವೆನೋಲಾ ಏಪ್ರಿಲ್‌ನಲ್ಲಿ ಪತ್ರಿಕೆಯ ಜಾಹೀರಾತು ನೋಡಿಕೊಂಡು ಬಂದವಳು. ಮೂವತ್ತೊಂದು ವರ್ಷ, ಸಮುದ್ರದ ಕಡೆಯವಳು, ಬ್ರಿಟನಿಯವಳು. ಅಪ್ಪನಿಗೆ ಮುನ್ನೂರು ಕಪ್ಪುಬಿಳಿ ಹಸುಗಳಿದ್ದವು. ಅಲ್ಲಿ ಹಾಲು ಕರೆಯುವುದು ಯಂತ್ರ, ಲೆಕ್ಕ ಇಡುವುದು ಯಂತ್ರ, ಹಸುವಿಗೆ ಜ್ವರ ಬಂದರೆ ಹೇಳುವುದೂ ಯಂತ್ರ. ಅಲ್ಲಿ ನನಗೇನು ಕೆಲಸ ಎಂದು ಈಕೆ ಹೊರಟು ಬಂದಿದ್ದಳು. ಬರುವಾಗ ಒಂದು ಪುಟ್ಟ ಕಾರು, ಅದರ ತುಂಬ ರಬ್ಬರ್ ಬೂಟುಗಳು.

"ಹಾಲು ಕರೆಯಕ್ಕೆ ಬರುತ್ತಾ?" ಎಂದು ಬಾಗಿಲಲ್ಲೇ ನಿಲ್ಲಿಸಿ ಕೇಳಿದ್ದಳು ಆರ್ಲೆಟ್.

"ಗಂಟೆಗೆ ಎಂಬತ್ತು ಹಸು ಮುಗಿಸ್ತೀನಿ."

"ಇಲ್ಲಿ ಎಂಬತ್ತು ಮುಗಿಸೋ ಅರ್ಜೆಂಟು ಯಾರಿಗೂ ಇಲ್ಲ. ಒಂದನ್ನ ಒಪ್ಪಿಸು ನೋಡೋಣ."

ಕೆಂಪು ಹಸುವಿನ ಹಟ ಗ್ವೆನೋಲಾಗೆ ಗೊತ್ತಿರಲಿಲ್ಲ. ಇವು ಕರು ಬಂದು ಮೊಲೆಗೆ ಬಾಯಿ ಹಾಕದೆ ಒಂದು ಹನಿ ಹಾಲು ಇಳಿಸುವುದಿಲ್ಲ. ಹಾಗಾಗಿ ಕರುಗಳನ್ನು ಬೇರೆ ಬೇಲಿಯೊಳಗೆ ಕೂಡಿರುತ್ತಾರೆ. ಕರೆಯುವ ಹೊತ್ತಿಗೆ ಬೇಲಿಯ ಬಾಗಿಲಲ್ಲಿ ನಿಂತು ತಾಯಿಯ ಹೆಸರು ಹಿಡಿದು ಕೂಗಿದರೆ ಆ ತಾಯಿಯ ಕರು ಮಾತ್ರ ಗುಂಪಿನಿಂದ ಹೊರಗೆ ಬರಬೇಕು. ಬಂದು ನಾಲ್ಕು ಗುಟುಕು ಕುಡಿಯಿತೋ ಇಲ್ಲವೋ, ಎಳೆದು ತಾಯಿಯ ಮುಂಗಾಲಿಗೆ ಕಣ್ಣಿ ಹಾಕಿ ಕಟ್ಟಬೇಕು. ತಾಯಿ ಅದರ ಬೆನ್ನು ನೆಕ್ಕುತ್ತ ಸೊರೆ ಬಿಡುತ್ತಾಳೆ. ಆಗ ಗಾಲಿಯ ಮೇಲಿನ ಯಂತ್ರ ಹಚ್ಚಿದರೆ ಹಾಲು. ಕೊನೆಗೆ ಕರುವಿನ ಪಾಲು ಕರುವಿಗೆ.

ಮೊದಲ ದಿನ ಗ್ವೆನೋಲಾ ಬಾಗಿಲಲ್ಲಿ ನಿಂತು "ಫ್ಲೂರಿ!" ಎಂದು ಕೂಗಿದಾಗ ಮೂವತ್ತೇಳು ಕರುಗಳೂ ಆಕೆಯನ್ನು ನೋಡಿದವು, ಒಂದೂ ಅಲ್ಲಾಡಲಿಲ್ಲ. ಎರಡನೆಯ ಸಲ ಕೂಗಿದಾಗ ಒಟ್ಟಿಗೆ ಹದಿನೈದು ನುಗ್ಗಿ ಬಂದು ಆಕೆಯನ್ನು ಸಗಣಿಯಲ್ಲಿ ಕೆಡವಿದವು. ಆರ್ಲೆಟ್ ಕಲ್ಲಿನ ಮೇಲೆ ಕೂತು ಭುಜ ನೋಯುವಷ್ಟು ನಕ್ಕಳು. ಆಮೇಲೆ ತಾನೇ ಎದ್ದು ಬಂದು ಕೂಗಿದಳು. ಫ್ಲೂರಿಗೆ ಅವಳಿ ಕರುಗಳು. ಎರಡೂ ಬಂದವು, ದಪ್ಪನೆಯದು ಮುಂದೆ, ಸಣಕಲು ಹಿಂದೆ.

ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು. ಆರ್ಲೆಟ್ ಕೂಗುವುದು, ಗ್ವೆನೋಲಾ ಕರೆಯುವುದು. ಮೇ ತಿಂಗಳ ನಡುವಿಗೆ ಹಸುಗಳು ಹೊಸ ಕೈಗೆ ಒಗ್ಗಿದವು. ಚೀಸಿನ ಕೆಲಸದಲ್ಲಿ ಹುಡುಗಿ ಚುರುಕಾಗಿದ್ದಳು. ಕರೆದ ಬಿಸಿ ಆರುವ ಮೊದಲೇ ಹಾಲನ್ನು ಮರದ ಬಾನಿಗೆ ಸುರಿದು ಹೆಪ್ಪು ಹಾಕಬೇಕೆನ್ನುವುದನ್ನು, ಬಾನಿಯನ್ನು ಸೋಪು ಹಾಕಿ ತೊಳೆಯಬಾರದು ಎನ್ನುವುದನ್ನು ಒಂದೇ ಸಲಕ್ಕೆ ಕಲಿತಳು. ಆದರೂ ಆರ್ಲೆಟ್ ಕರುಗಳನ್ನು ಕೂಗುವ ಕೆಲಸವನ್ನು ಬಿಟ್ಟುಕೊಡಲಿಲ್ಲ. ಕೇಳಿದರೆ, "ನಿನ್ ಗಂಟಲಲ್ಲಿ ಇನ್ನೂ ಸಮುದ್ರದ ಉಪ್ಪಿದೆ" ಎನ್ನುತ್ತಿದ್ದಳು. ಒಳಗಿನ ನಿಜ ಬೇರೆ ಇತ್ತು. ಅದನ್ನೂ ಕೊಟ್ಟರೆ ತನಗೆ ಉಳಿಯುವುದು ಕೂತು ತಿನ್ನುವ ಕೆಲಸ ಎಂದು ಆಕೆಗೆ ಭಯವಾಗುತ್ತಿತ್ತು.

"ಭಾನುವಾರದ ಹೊತ್ತಿಗೆ ಇಡೀ ಬೆಟ್ಟ ಒಬ್ಬಳೇ ನಿಭಾಯಿಸ್ಬೇಕು" ಎಂದು ಆಕೆ ಗ್ವೆನೋಲಾಗೆ ಮೊದಲೇ ಹೇಳಿದ್ದಳು. "ನಿಭಾಯಿಸಿದ್ರೆ ಹಸುಗಳೂ ನಿನ್ನವೇ, ಹುಲ್ಲುಗಾವಲಿನ ಗೇಣಿಯೂ ನಿನ್ನ ಹೆಸರಿಗೆ. ಆಗ್ಲಿಲ್ವಾ, ರೆಜಿಸ್‌ಗೆ ಹೂಂ ಅಂತೀನಿ."

"ಮಾರ್ಕೀಸ್‌ನೂ ಸೇರಿಸಿ ಹೇಳ್ತಿದೀರಾ?"

"ಮಾರ್ಕೀಸ್‌ನ ಬಿಟ್ಟು ಬೆಟ್ಟ ಎಲ್ಲಿದೆ?"

ಮಾರ್ಕೀಸ್ ಮಂದೆಯ ಮುಂದಾಳು. ಕೊರಳಲ್ಲಿ ದೊಡ್ಡ ಗಂಟೆ, ಹನ್ನೊಂದು ವರ್ಷ, ಮೇಲಕ್ಕೆ ಬಾಗಿದ ಉದ್ದನೆಯ ಕೊಂಬು. ಆಕೆ ಎದ್ದರೆ ಮಂದೆ ಏಳುತ್ತದೆ, ಆಕೆ ನಿಂತರೆ ನಿಲ್ಲುತ್ತದೆ. ಗ್ವೆನೋಲಾಗೆ ಕೊನೆಗೆ ಒಗ್ಗಿದವಳೂ ಆಕೆಯೇ.

ಗಡುವಿಗೆ ಮೂರು ದಿನ ಇರುವಾಗ, ಗುರುವಾರ ಬೆಳಿಗ್ಗೆ, ಭುಜದ ತಗಡು ತೋರಿಸಲು ಆರ್ಲೆಟ್ ಮೋರಿಯಾಕಿಗೆ ಹೋದಳು. ಮರುದಿನ ಇನ್ನೊಂದು ಪರೀಕ್ಷೆ ಇದೆ, ಒಂದು ದಿನ ಇಲ್ಲೇ ಇರಿ ಎಂದರು ಆಸ್ಪತ್ರೆಯವರು. ಹೊರಡುವ ಮುನ್ನ ಗ್ವೆನೋಲಾಗೆ ಇಪ್ಪತ್ತು ಸಂಗತಿ ಹೇಳಿದ್ದಳು. ಹೇಳದೆ ಬಿಟ್ಟದ್ದು ಒಂದೇ.

ಆವತ್ತು ಮಧ್ಯಾಹ್ನ ಬೆಟ್ಟದ ಮೇಲೆ ಗುಡುಗು ಸಿಡಿಲು. ಮರವಿಲ್ಲದ ನೆತ್ತಿ ಅದು, ಸಿಡಿಲಿಗೆ ಸಿಗುವುದು ತಂತಿಬೇಲಿ. ಕರುಗಳ ದೊಡ್ಡಿಯ ಕೆಳಮೂಲೆಯಲ್ಲಿ ಬೇಲಿಗೆ ಒರಗಿ ನಿಂತಿದ್ದ ಮಾರ್ಕೀಸಳ ಕರು ನಿಂತ ಹಾಗೇ ಬಿದ್ದು ಸತ್ತಿತು.

ಗ್ವೆನೋಲಾ ಅತ್ತಳು. ಅತ್ತು, ಮೂಗು ಒರೆಸಿಕೊಂಡು, ಅಪ್ಪನ ಮನೆಯಲ್ಲಿ ಮಾಡುತ್ತಿದ್ದುದನ್ನೇ ಅಚ್ಚುಕಟ್ಟಾಗಿ ಮಾಡಿದಳು. ಸತ್ತ ದನ ಒಯ್ಯುವ ಲಾರಿಗೆ ಫೋನು ಮಾಡಿದಳು. ಮಳೆಯಲ್ಲೇ ಅದರ ಮೇಲೆ ಟಾರ್ಪಾಲು ಹೊದಿಸಿ ನಾಲ್ಕು ಕಲ್ಲು ಹೇರಿದಳು. ಶುಕ್ರವಾರ ಬೆಳಿಗ್ಗೆ ಲಾರಿ ಬಂತು, ಕರುವನ್ನು ಒಯ್ದಿತು. ಆಮೇಲೆ ಆಕೆ ಕರುಗಳು ನಿಲ್ಲುವ ಕೊಟ್ಟಿಗೆಯನ್ನೂ, ಮಾರ್ಕೀಸಳ ಕರುವಿನ ಕಣ್ಣಿಯನ್ನೂ ಸೋಪು ಹಾಕಿ ತೊಳೆದು ಬಿಸಿಲಿಗೆ ಹಾಕಿದಳು.

ಶುಕ್ರವಾರ ಮಧ್ಯಾಹ್ನ ರೆಜಿಸನ ಜೀಪಿನಲ್ಲಿ ಆರ್ಲೆಟ್ ವಾಪಸು ಬಂದಾಗ ಬೆಟ್ಟದ ತಿರುವಿನಲ್ಲೇ ಮಾರ್ಕೀಸಳ ಕೂಗು ಕೇಳಿಸಿತು. ಅಂಥ ಕೂಗನ್ನು ಆಕೆ ಹಿಂದೆಯೂ ಕೇಳಿದ್ದಳು. 

"ಕರು ಹೋಯ್ತು" ಎಂದಳು ಗ್ವೆನೋಲಾ, ಜೀಪು ನಿಲ್ಲುವ ಮೊದಲೇ. "ಸಿಡಿಲು. ನಾನು ಎಲ್ಲಾ ಸರಿಯಾಗಿ ಮಾಡಿದೀನಿ ಆರ್ಲೆಟಮ್ಮ. ಲಾರಿ ಬೆಳಿಗ್ಗೆನೇ ಬಂದು ತಗೊಂಡು ಹೋಯ್ತು."

"ತೊಗಲು?"

"ಏನು ತೊಗಲು?"

ಆರ್ಲೆಟ್ ಜೀಪಿನ ಬಾಗಿಲು ಹಿಡಿದು ನಿಂತಳು. "ಸುಲಿದು ಇಟ್ಕೊಂಡ್ಯಾ ಇಲ್ವಾ?"

ಗ್ವೆನೋಲಾಳ ಮುಖ ನೋಡಿದರೆ ಸಾಕಿತ್ತು. ಸತ್ತ ಕರುವಿನ ತೊಗಲನ್ನು ಇನ್ನೊಂದು ಕರುವಿನ ಬೆನ್ನಿಗೆ ಕಟ್ಟಿ, ಮೇಲೆ ಉಪ್ಪು ಚಿಮುಕಿಸಿ ಬಿಟ್ಟರೆ ತಾಯಿ ಅದನ್ನು ನೆಕ್ಕುತ್ತ ನೆಕ್ಕುತ್ತ ತನ್ನದೆಂದು ಒಪ್ಪುತ್ತಾಳೆ. ಆ ಬೆಟ್ಟದಲ್ಲಿ ಹುಟ್ಟಿದ ಯಾರಿಗೂ ಇದನ್ನು ಹೇಳಿಕೊಡಬೇಕಿರಲಿಲ್ಲ. ಬ್ರಿಟನಿಯ ಹುಡುಗಿಗೆ ಯಾರು ಹೇಳಬೇಕಿತ್ತು?

"ವಾಸನೆ ಕೂಡ ಬಿಟ್ಟಿಲ್ವಲ್ಲೇ ತಾಯಿ!" ತೊಳೆದು ಒಣಹಾಕಿದ ಕಣ್ಣಿ ನೋಡಿ ಆರ್ಲೆಟ್ ಹಣೆ ಚಚ್ಚಿಕೊಂಡಳು. "ಕಣ್ಣಿನೂ ತೊಳ್ದಿದಾಳೆ! ಮದುವೆ ಮನೆ ಥರ ತೊಳ್ದಿದಾಳೆ!"

"ನಮ್ಮಲ್ಲಿ ಕರು ಹುಟ್ಟಿದ ದಿನವೇ ಬೇರೆ ಮಾಡ್ತೀವಿ" ಎಂದಳು ಗ್ವೆನೋಲಾ. "ಹಸು ಕೇಳೋದೇ ಇಲ್ಲ."

"ನಿಮ್ ಹಸು ಕೇಳಲ್ಲ ಅಂತಲ್ಲ. ಕೇಳಿದ್ರೆ ಉತ್ತರ ಇಲ್ಲ ಅಂತ ಬಾಯಿ ಮುಚ್ಕೊಂಡಿರ್ತವೆ."

ರೆಜಿಸ್ ಜೀಪಿನ ಒಳಗಿನಿಂದ, ಮೆಲ್ಲಗೆ, "ಭಾನುವಾರ ಬರ್ಲಾ ಆರ್ಲೆಟಕ್ಕ, ಇಲ್ಲಾ ಈಗ್ಲೇ ಮಾತಾಡೋಣ್ವಾ?" ಎಂದ.

"ಭಾನುವಾರ ಅಂದ್ರೆ ಭಾನುವಾರ. ನಡಿ."

ಆ ಸಂಜೆ ಮಾರ್ಕೀಸ್ ಹಾಲು ಕರೆಯುವ ಜಾಗಕ್ಕೆ ಬರಲಿಲ್ಲ. ತಂತಿ ಹಾರಿ ಕರುಗಳ ದೊಡ್ಡಿಯ ಕೆಳಮೂಲೆಗೆ ಹೋಗಿ, ನೆಲ ಮೂಸುತ್ತ, ಕೂಗುತ್ತ ನಿಂತಳು. ಮುಂದಾಳು ಬಾರದಿದ್ದರೆ ಮಂದೆಯೂ ಮನಸ್ಸಿಲ್ಲದೆ ಬರುತ್ತದೆ. ಬಂದವು ಹಾಲನ್ನು ಅರ್ಧ ಇಳಿಸಿ ಅರ್ಧ ಬಿಗಿಹಿಡಿದವು. ಶನಿವಾರ ಬೆಳಿಗ್ಗೆ ಇನ್ನೂ ಕಡಿಮೆ. ಮರದ ಬಾನಿಯಲ್ಲಿ ಮೂರನೆಯ ಒಂದು ಪಾಲು ಹಾಲು. ಮಾರ್ಕೀಸಳ ಕೆಚ್ಚಲು ಕಲ್ಲಾಗಿತ್ತು, ಮುಟ್ಟಹೋದರೆ ಒದೆಯುತ್ತಿದ್ದಳು. ಇನ್ನೊಂದು ದಿನ ಹೀಗೇ ಹೋದರೆ ಕೆಚ್ಚಲು ಬಾವು ಬಂದು ಆಕೆಯ ಹಾಲಿನ ಕಥೆ ಮುಗಿದಂತೆ.

"ಪಶುವೈದ್ಯರ್ನ ಕರೆಸ್ಲಾ? ಸೂಜಿ ಚುಚ್ಚಿದ್ರೆ ಹಾಲು ಇಳಿಯುತ್ತಲ್ಲ" ಎಂದಳು ಗ್ವೆನೋಲಾ.

"ಇಳಿಯುತ್ತೆ. ಈ ಹೊತ್ತಿಗೆ. ಸಂಜೆಗೆ? ನಾಳೆಗೆ? ಹಾಲಿನ ಕಾಲ ಮುಗಿಯೋ ನವೆಂಬರ್ ತನಕ ದಿನಕ್ಕೆರಡು ಸಲ ಚುಚ್ಚುತಾ ಕೂರ್ತೀಯಾ?" ಆರ್ಲೆಟಳ ಸಿಟ್ಟು ನೆತ್ತಿಗೇರಿತು. "ಸಾಕು. ಭಾನುವಾರದ ತನಕ ಯಾಕೆ ಕಾಯೋದು. ಈಗ್ಲೇ ರೆಜಿಸ್‌ಗೆ ಫೋನ್ ಮಾಡಿ ಹೇಳ್ತೀನಿ, ಲಾರಿ ತಗೊಂಡು ಬಾ ಅಂತ."

ಗ್ವೆನೋಲಾ ಗೋಡೆಗೆ ಒರಗಿಸಿದ್ದ ಸನಿಕೆ ಎತ್ತಿಕೊಂಡಳು. ಬೆನ್ನು ಹಾಕಿ ನಡೆದಳು. ಅದೂ ಆರ್ಲೆಟಳನ್ನು ಕೆರಳಿಸಿತು.

ಫೋನಿಗೆ ಸಿಗ್ನಲ್ ಸಿಗುವುದು ಗುಡಿಸಲಿನ ಮೇಲಿನ ಕರಿಬಂಡೆಯ ಹತ್ತಿರ ಮಾತ್ರ. ಆರ್ಲೆಟ್ ಏದುಸಿರು ಬಿಡುತ್ತ ಹತ್ತಿದಳು. ಮೇಲೆ ಗಾಳಿ ಬೀಸುತ್ತಿತ್ತು, ಹಳದಿ ಜೆಂಶಿಯನ್ ಗಿಡಗಳು ಆಗಷ್ಟೇ ಹೂ ಬಿಡುತ್ತಿದ್ದವು. ಸುತ್ತ ಹನ್ನೊಂದು ಗುಡಿಸಲುಗಳ ಮುರುಕು ಗೋಡೆಗಳು ಅಲ್ಲಲ್ಲಿ ಕಾಣುತ್ತಿದ್ದವು. ಒಂದೊಂದು ಹೇಗೆ ಮುಚ್ಚಿತೆಂದು ಆಕೆಗೆ ಗೊತ್ತಿತ್ತು. ಒಂದರ ಯಜಮಾನ ಪ್ಯಾರಿಸ್ಸಿನಲ್ಲಿ ಹೋಟೆಲು ತೆರೆದ, ಇನ್ನೊಂದರವನಿಗೆ ಸೊಂಟ ಹಿಡಿಯಿತು, ಮತ್ತೊಂದರಲ್ಲಿ ಅಣ್ಣತಮ್ಮಂದಿರಿಗೆ ಜಗಳ. ಎಲ್ಲಿಯೂ ಬೆಟ್ಟದ ತಪ್ಪೇನೂ ಇರಲಿಲ್ಲ. ಯಾರೋ ಒಬ್ಬರು ಒಂದು ದಿನ ಸಾಕು ಎಂದಿದ್ದರು, ಅಷ್ಟೇ.

ಇವತ್ತು ಸಾಕು ಎಂದವಳು ತಾನು. ಆರ್ಲೆಟಳಿಗೆ ನಾಚಿಕೆಯಾಯಿತು. ಮೂರು ತಿಂಗಳಲ್ಲಿ ಹುಡುಗಿಗೆ ಇದನ್ನು ಯಾಕೆ ಹೇಳಲಿಲ್ಲ? ಕರು ಸತ್ತರೆ ಎನ್ನುವ ಮಾತನ್ನು ಬಾಯಲ್ಲಿ ಆಡಲು ಯಾರಿಗೂ ಇಷ್ಟವಿರುವುದಿಲ್ಲ, ನಿಜ. ಆದರೆ ಅದಷ್ಟೇ ಅಲ್ಲ. ಎಲ್ಲವನ್ನೂ ಹೇಳಿಬಿಟ್ಟರೆ ಈ ಬೆಟ್ಟಕ್ಕೆ ತಾನು ಬೇಕಾಗುವುದಿಲ್ಲ ಎಂದು ಎಲ್ಲೋ ಒಂದಿಷ್ಟನ್ನು ಸೆರಗಿನಲ್ಲಿ ಕಟ್ಟಿಟ್ಟುಕೊಂಡಂತೆ ಇಟ್ಟುಕೊಂಡಿದ್ದಳು. ಈಗ ಅದೇ ಮಂದೆಗೆ ಮುಳುವಾಗಿತ್ತು.

ಫೋನು ಕೈಯಲ್ಲಿ ಹಿಡಿದೇ ಆಕೆ ಕೆಳಗೆ ನೋಡಿದಳು. ಕರುಗಳ ದೊಡ್ಡಿಯ ಮೂಲೆಯಲ್ಲಿ ಗ್ವೆನೋಲಾ ಮಂಡಿಯೂರಿ ಕೂತು ಸನಿಕೆಯಿಂದ ನೆಲ ಅಗೆಯುತ್ತಿದ್ದಳು. ನಾಲ್ಕು ಮಾರು ದೂರದಲ್ಲಿ ಮಾರ್ಕೀಸ್ ತಲೆ ತಗ್ಗಿಸಿ ಹುಡುಗಿಯನ್ನೇ ನೋಡುತ್ತಿದ್ದಳು.

ಆರ್ಲೆಟ್ ಫೋನು ಜೇಬಿಗೆ ತುರುಕಿ, ಬೈದುಕೊಳ್ಳುತ್ತ ಕೆಳಗಿಳಿದಳು.

"ಏನ್ ಮಾಡ್ತಿದೀಯೇ? ಆಲೂಗಡ್ಡೆ ಹಾಕ್ತೀಯಾ?"

ಗ್ವೆನೋಲಾ ತಲೆ ಎತ್ತಲಿಲ್ಲ. ಹುಲ್ಲು ಸಮೇತ ಮಣ್ಣಿನ ಹೆಂಟೆಗಳನ್ನು ಗೋಣಿಚೀಲದ ಮೇಲೆ ಜೋಡಿಸುತ್ತಿದ್ದಳು. "ತೊಗಲು ಇಲ್ಲ. ಅದು ಮಲಗಿದ್ದ ನೆಲ ಇದೆಯಲ್ಲ."

"ಏನಂದೆ?"

"ಮಧ್ಯಾಹ್ನದಿಂದ ಬೆಳಗಿನ ತನಕ ಇಲ್ಲೇ ಬಿದ್ದಿತ್ತು. ಮೂಗಿಂದ ರಕ್ತ ಬಂದಿತ್ತು. ಟಾರ್ಪಾಲು ಹೊದಿಸಿದ್ದೆ, ಮಳೆ ಇದನ್ನ ತೊಳೆದಿಲ್ಲ. ಮಾರ್ಕೀಸ್ ನಿನ್ನೆ ಸಂಜೆಯಿಂದ ಇದೇ ಜಾಗ ಮೂಸ್ತಿದಾಳೆ. ಮೂಸ್ತಿದಾಳೆ ಅಂದ್ರೆ ಇನ್ನೂ ಏನೋ ಉಳಿದಿದೆ ಅಂತ ತಾನೇ?"

ಆರ್ಲೆಟಳಿಗೆ ತಕ್ಷಣ ಬೈಗುಳ ಸಿಗಲಿಲ್ಲ. ಅದೇ ಒಂದು ಅಪರೂಪ. "ನಮ್ಮಜ್ಜಿ ಕಾಲದಿಂದ್ಲೂ ಯಾರೂ ಹೀಗೆ ಮಾಡಿದ್ದು ಕೇಳಿಲ್ಲ" ಎಂದಳು ಕೊನೆಗೆ.

"ನಿಮ್ಮಜ್ಜಿ ಕಾಲದಲ್ಲಿ ಯಾರೂ ಲಾರಿ ಕರೆಸಿ ತೊಗಲು ಕೊಟ್ಟಿರ್ಲಿಲ್ಲ ಅಲ್ವಾ?"

ಆರ್ಲೆಟ್ ಪಕ್ಕನೆ ನಕ್ಕುಬಿಟ್ಟಳು. ನಕ್ಕ ಮೇಲೆ ಸಿಟ್ಟನ್ನು ಮತ್ತೆ ಮುಖಕ್ಕೆ ತಂದುಕೊಳ್ಳುವುದು ಕಷ್ಟವಾಯಿತು. ಹಾಗಾಗಿ ಹೇಳಬೇಕಾದ್ದನ್ನು ಆಗಲೇ ಹೇಳಿದಳು. "ನೋಡು ಹುಡುಗಿ, ತಪ್ಪು ನಿಂದೊಂದೇ ಅಲ್ಲ. ನಾನು ಹೇಳಿರ್ಲಿಲ್ಲ. ಬೇಕಂತ ಅಲ್ಲ, ಆದ್ರೂ ಹೇಳಿರ್ಲಿಲ್ಲ. ಯಾವ ಕರು ತರ್ತೀಯಾ?"

"ಫ್ಲೂರಿಯ ಸಣಕಲು. ಅದಕ್ಕೆ ಅಣ್ಣ ಕುಡಿದು ಬಿಟ್ಟದ್ದಷ್ಟೇ ಸಿಗೋದು. ಯಾವಾಗ್ಲೂ ಹಸಿವು."

"ಅದೇ ಸರಿ. ಹಸಿದ ಕರು ಒದೆ ತಿಂದ್ರೂ ಬಿಡಲ್ಲ. ತಡಿ, ಉಪ್ಪು ತರ್ತೀನಿ."

ಇಬ್ಬರೂ ಸೇರಿ ಸಣಕಲು ಕರುವಿಗೆ ಆ ಮಣ್ಣನ್ನೂ ಹುಲ್ಲನ್ನೂ ತಲೆಯಿಂದ ಬಾಲದವರೆಗೆ ತಿಕ್ಕಿದರು. ಹೆಂಟೆಗಳನ್ನು ಗೋಣಿಯಲ್ಲಿ ಸುತ್ತಿ ಅದರ ಬೆನ್ನಿಗೆ ಕಟ್ಟಿದರು, ಮೇಲೆ ಕಲ್ಲುಪ್ಪು ಚಿಮುಕಿಸಿದರು. ಹೊಲದಲ್ಲಿ ಉರುಳಾಡಿ ಬಂದ ಕುಡುಕನ ಹಾಗೆ ಕಾಣುತ್ತಿತ್ತು ಆ ಕರು. ಗ್ವೆನೋಲಾ ಅದನ್ನು ಮೂಲೆಗೆ ಒಯ್ದಳು. ಮಾರ್ಕೀಸ್ ಬರದಿದ್ದರೆ ನಾವೇ ಮಾರ್ಕೀಸಳ ಹತ್ತಿರ ಹೋಗೋಣ, ಯಂತ್ರ ಬೇಡ, ಕೈಯಲ್ಲೇ ಕರೆಯುತ್ತೇನೆ ಎಂದಳು.

ಮಾರ್ಕೀಸ್ ಮೂಸಿದಳು. ಗೋಣಿಯನ್ನು ಮೂಸಿದಳು, ಉಪ್ಪನ್ನು ಒಮ್ಮೆ ನೆಕ್ಕಿದಳು. ಕರು ಮೊಲೆಯ ಕಡೆ ತಲೆ ಹಾಕಿದ್ದೇ ತಡ, ಕೊಂಬಿನಿಂದ ತಳ್ಳಿ ದೂರ ಎಸೆದಳು. ಎರಡನೆಯ ಸಲ ಒದೆ ಬಿತ್ತು, ಬಿದ್ದದ್ದು ಗ್ವೆನೋಲಾಳ ತೊಡೆಗೆ. ಆಕೆ ಹುಲ್ಲಿನ ಮೇಲೆ ಕೂತು ತೊಡೆ ತಿಕ್ಕಿಕೊಂಡಳು. ಕಣ್ಣಲ್ಲಿ ನೀರು ಬಂದಿತ್ತು, ಆದರೆ ಎದ್ದು ಹೋಗಲಿಲ್ಲ.

ಆರ್ಲೆಟಳಿಗೆ ತಾನು ಹೋಗಿ ಮಾರ್ಕೀಸಳ ಕೊರಳು ಹಿಡಿದು ಮಾತಾಡಿಸಬೇಕು ಅನಿಸಿತು. ತಾನು ಹೋದರೆ ಬಹುಶಃ ಬೇಗ ಆಗುತ್ತಿತ್ತು. ಎರಡು ಹೆಜ್ಜೆ ಮುಂದಿಟ್ಟಳು ಕೂಡ. ಆಮೇಲೆ ನಿಂತಳು. ನವೆಂಬರ್ ತನಕ ದಿನಕ್ಕೆರಡು ಸಲ ತಾನು ಬಂದು ಕೊರಳು ಹಿಡಿಯಲು ಆಗುವುದಿಲ್ಲ. ಮುಂದಿನ ವರ್ಷ ಇರುತ್ತೇನೋ ಇಲ್ಲವೋ. ಆಕೆ ಕಲ್ಲುಗೋಡೆಯ ಮೇಲೆ ಕೂತು, ಒಳ್ಳೆಯ ಕೈಯಿಂದ ಕಲ್ಲನ್ನು ಬಿಗಿಯಾಗಿ ಹಿಡಿದುಕೊಂಡಳು. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸವನ್ನು ಆಕೆ ಮಾಡಿರಲಿಲ್ಲ.

ಗ್ವೆನೋಲಾ ಒಂದು ಗಂಟೆ ಸುಮ್ಮನೆ ಕೂತಳು. ಮತ್ತೆ ಎದ್ದು ಉಪ್ಪು ಹಾಕಿದಳು. ಮತ್ತೆ ಒದೆ. ಮತ್ತೆ ಕೂತಳು. ಶನಿವಾರ ಸಂಜೆ, ಬಿಸಿಲು ಓರೆಯಾಗುವ ಹೊತ್ತಿಗೆ, ಮಾರ್ಕೀಸ್ ಕರುವಿನ ಬೆನ್ನನ್ನು ಬಹಳ ಹೊತ್ತು ನೆಕ್ಕಿದಳು. ಕರು ನಾಲ್ಕು ಗುಟುಕು ಕುಡಿಯಿತು. ಅಷ್ಟರಲ್ಲಿ ಮಾರ್ಕೀಸಳಿಗೆ ಏನನಿಸಿತೋ, ಕಾಲು ಝಾಡಿಸಿ ದೂರ ಸರಿದಳು. ಗ್ವೆನೋಲಾಳ ಬಕೆಟ್ಟಿನಲ್ಲಿ ಒಂದು ಬಟ್ಟಲು ಹಾಲು ಬಿದ್ದಿತ್ತು.

"ಒಂದು ಬಟ್ಟಲು" ಎಂದಳು ಗ್ವೆನೋಲಾ ಸೋತ ದನಿಯಲ್ಲಿ, ಬಕೆಟ್ಟನ್ನು ಆರ್ಲೆಟಳಿಗೆ ತೋರಿಸಿ.

"ಬೆಳಿಗ್ಗೆ ಅದೂ ಇರ್ಲಿಲ್ಲ. ಕೆಚ್ಚಲು ಒಂಚೂರು ಸಡಿಲ ಆಗಿದೆ, ನೋಡಿದ್ಯಾ? ಬಾ, ಮೊದ್ಲು ಏನಾದ್ರೂ ತಿನ್ನು. ತೊಡೆಗೆ ಬೆಣ್ಣೆ ಹಚ್ಕೋ."

ಆರ್ಲೆಟ್ ಆ ಸಂಜೆ ಒಂದೇ ಕೈಯಲ್ಲಿ ಆಲೂಗಡ್ಡೆ ಹೆಚ್ಚಿ, ಹಂದಿಯ ಕೊಬ್ಬಿನಲ್ಲಿ ಹುರಿದು, ಮೇಲೆ ಎಳೆ ಚೀಸು ಕರಗಿಸಿದಳು. ಗ್ವೆನೋಲಾ ಎರಡು ತಟ್ಟೆ ಮುಗಿಸಿದಳು. ನಾಳೆ ರೆಜಿಸ್ ಬರುವ ವಿಷಯವನ್ನು ಇಬ್ಬರೂ ಎತ್ತಲಿಲ್ಲ. ಊಟ ಮುಗಿಯುವ ಹೊತ್ತಿಗೆ ಆರ್ಲೆಟ್ ಒಂದು ಮಾತು ಹೇಳಿದಳು. "ನಾಳೆ ಬೆಳಿಗ್ಗೆ ಕರುಗಳನ್ನ ನೀನೇ ಕೂಗು. ಎಲ್ಲಾನೂ."

"ನನ್ ಗಂಟಲಲ್ಲಿ ಉಪ್ಪಿದೆ ಅಂದಿದ್ರಿ."

"ಉಪ್ಪು ಬೇಕಾಗುತ್ತೆ ಅಂತ ಈಗ ಗೊತ್ತಾಯ್ತಲ್ಲ."

ಭಾನುವಾರ ಬೆಳಿಗ್ಗೆ ಗ್ವೆನೋಲಾ ಒಂದೊಂದೇ ಹೆಸರು ಹಿಡಿದು ಕೂಗುತ್ತಿದ್ದುದು ಗುಡಿಸಲಿನ ಒಳಗಿದ್ದ ಆರ್ಲೆಟಳಿಗೆ ಕೇಳುತ್ತಿತ್ತು. ಕೆಲವು ಕರುಗಳು ಒಂದೇ ಕೂಗಿಗೆ ಬಂದವು, ಕೆಲವಕ್ಕೆ ಮೂರು ಸಲ ಕೂಗಬೇಕಾಯಿತು. ನಡುವೆ ಒಂದು ಸಲ ಹಾಳು ಮುಂಡೇದೇ ಎಂದು ಬೈದದ್ದೂ ಕೇಳಿಸಿತು. ಬೈಗುಳದ ಉಚ್ಚಾರ ಪಕ್ಕಾ ಕಾಂತಾಲಿನದು. ಯಾರಿಂದ ಕಲಿತಳೆಂದು ಆರ್ಲೆಟ್ ಯೋಚಿಸಲು ಹೋಗಲಿಲ್ಲ.

ಮೂವತ್ತೈದು ಹಸು ಮುಗಿದ ಮೇಲೆ ಗ್ವೆನೋಲಾ ಸಣಕಲು ಕರುವಿನ ಬೆನ್ನಿಗೆ ಗೋಣಿ ಬಿಗಿದು ಮೂಲೆಗೆ ನಡೆದಳು. ಆರ್ಲೆಟ್ ಬಾಗಿಲಿಗೆ ಬಂದು ನಿಂತಳು. ಅಷ್ಟು ದೂರಕ್ಕೆ ಚೆನ್ನಾಗಿ ಕಾಣುತ್ತಿರಲಿಲ್ಲ. ಮಾರ್ಕೀಸ್ ತಲೆ ಎತ್ತಿದ್ದು ಕಂಡಿತು. ಎರಡು ದಿನದ ಕೂಗು ಬೆಳಗಿನಿಂದ ನಿಂತಿತ್ತು ಎನ್ನುವುದು ಆಗ ಆಕೆಗೆ ಹೊಳೆಯಿತು. ಮಾರ್ಕೀಸ್ ಗಂಟೆ ಆಡಿಸುತ್ತ ತಾನಾಗಿ ಮೂರು ಹೆಜ್ಜೆ ಮುಂದೆ ಬಂದು ಕರುವಿನ ಬೆನ್ನಿಗೆ ಮೂತಿ ಇಟ್ಟಳು. ಕರು ಕೆಚ್ಚಲಿನ ಕೆಳಗೆ ನುಗ್ಗಿ ಬಾಲ ಅಲ್ಲಾಡಿಸತೊಡಗಿತು. ಗ್ವೆನೋಲಾ ಅದನ್ನು ಎಳೆದು ಮುಂಗಾಲಿಗೆ ಕಟ್ಟಿದಳು, ಬಕೆಟ್ಟು ಹಿಡಿದು ಕೂತಳು. ಒದೆ ಬೀಳಲಿಲ್ಲ. ಗಾಳಿ ಈ ಕಡೆಗೆ ತಿರುಗಿದಾಗ ತಗಡಿನ ಬಕೆಟ್ಟಿಗೆ ಹಾಲು ಬೀಳುವ ಸದ್ದು, ಚುರ್ ಚುರ್ ಎಂದು, ಆರ್ಲೆಟಳ ಕಿವಿಗೆ ಬಿತ್ತು.  ಆಕೆ ಬಾಗಿಲ ಚೌಕಟ್ಟು ಹಿಡಿದು ಕೇಳಿದಳು.

ಆ ಹೊತ್ತಿಗೆ ರೆಜಿಸನ ಜೀಪು ಬಂತು. ಭಾನುವಾರದ ಕೋಟು ಹಾಕಿಕೊಂಡಿದ್ದ, ತಲೆ ಬಾಚಿದ್ದ.

"ಶುಭೋದಯ ಆರ್ಲೆಟಕ್ಕ. ಏನ್ ತೀರ್ಮಾನ ಮಾಡ್ದೆ?"

"ಯಾವ್ದರ ಬಗ್ಗೆ?"

"ಹಸುಗಳ ಬಗ್ಗೆ ತಾನೆ. ಮಾರ್ಕೀಸ್ ಕೆಚ್ಚಲು ಹೋಯ್ತಂತೆ, ಹಾಲು ಮೂರನೇ ಒಂದು ಪಾಲಿಗೆ ಬಂದಿದೆ ಅಂತ ಊರಲ್ಲೆಲ್ಲ ಮಾತು. ಯಾಕೆ ಒದ್ದಾಡ್ತೀಯಾ. ಹೂಂ ಅಂದ್ಬಿಡು."

ಆರ್ಲೆಟ್ ಕೈ ಎತ್ತಿ ಕೆಳಗೆ ತೋರಿಸಿದಳು. "ನನ್ನನ್ನ ಯಾಕಪ್ಪ ಕೇಳ್ತೀಯಾ? ಹಸುಗಳ ಯಜಮಾನಿ ಅಲ್ಲಿದಾಳೆ. ಹೋಗಿ ಅವಳನ್ನ ಕೇಳು."

ರೆಜಿಸ್ ಒಂದು ಕ್ಷಣ ಆಕೆಯ ಮುಖ ನೋಡಿದ. ತಮಾಷೆಯಲ್ಲ ಎಂದು ತಿಳಿಯಿತು. ಕೋಟಿನ ಗುಂಡಿ ಬಿಚ್ಚಿಕೊಂಡು, ಹುಲ್ಲಿನ ಇಬ್ಬನಿಯಲ್ಲಿ ಭಾನುವಾರದ ಬೂಟು ನೆನೆಸಿಕೊಂಡು ಇಳಿದು ಹೋದ. ಆತ ಟೋಪಿ ತೆಗೆದು ಏನೋ ಹೇಳುತ್ತಿದ್ದುದು, ಗ್ವೆನೋಲಾ ಹಸುವಿನ ಪಕ್ಕೆಗೆ ಹಣೆ ಒತ್ತಿಕೊಂಡೇ ಉತ್ತರ ಕೊಟ್ಟದ್ದು ಆರ್ಲೆಟಳಿಗೆ ಕಂಡಿತು, ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ರೆಜಿಸ್ ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಂಡ, ಬಗ್ಗಿ, ಕಣ್ಣಿ ಸಡಿಲವಾಗಿದ್ದ ಸಣಕಲು ಕರುವನ್ನು ಎರಡು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ನಿಂತ. ಕರು ಅವನ ಕೋಟಿಗೆಲ್ಲ ಮಣ್ಣು ಬಳಿಯಿತು. ಕೊನೆಗೆ ಆತ ಹಿಂದಿರುಗಿ ಹತ್ತಿ ಬಂದಾಗ ಮುಖದಲ್ಲಿ ಸಿಟ್ಟಿರಲಿಲ್ಲ.

"ಏನಂದ್ಲು?" ಎಂದು ಕೇಳಿದಳು ಆರ್ಲೆಟ್.

"ಹಸು ಕೊಡಲ್ವಂತೆ. ಮುಂದಿನ ವರ್ಷ ಗೋಡೆ ಆಚೆ ನನ್ ಹುಲ್ಲುಗಾವಲು ಗೇಣಿಗೆ ಕೊಡ್ತೀಯಾ ಅಂತ ನನ್ನನ್ನೇ ಕೇಳಿದ್ಲು." ರೆಜಿಸ್ ಕೋಟಿನ ಮಣ್ಣು ಕೊಡವಿಕೊಂಡ. "ಎಲ್ಲಿಂದ ಹಿಡ್ಕೊಂಡು ಬಂದೆ ಆರ್ಲೆಟಕ್ಕ ಇವಳನ್ನ?"

ಆರ್ಲೆಟ್ ಬಾಯಿ ತೆರೆಯುವಷ್ಟರಲ್ಲಿ ಕೆಳಗಿನಿಂದ ಕೂಗು ಬಂತು. ಗ್ವೆನೋಲಾ ತುಂಬಿದ ಬಕೆಟ್ಟನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, ಕುಂಟುತ್ತ, ದಿಬ್ಬ ಹತ್ತಿ ಬರುತ್ತಿದ್ದಳು.

"ಆರ್ಲೆಟಮ್ಮಾ! ಬಾಗಿಲಲ್ಲಿ ನಿಂತು ಹರಟೆ ಹೊಡೀಬೇಡಿ! ಹಾಲು ಆರ್ತಾ ಇದೆ, ಹೆಪ್ಪು ತೆಗೀರಿ ಬೇಗ!"

ತಾಯಿ ತೀರಿಕೊಂಡ ಮೇಲೆ ನಲವತ್ತು ವರ್ಷದಲ್ಲಿ ಆ ಬೆಟ್ಟದ ಮೇಲೆ ಆರ್ಲೆಟಳಿಗೆ ಯಾರೂ ಹೀಗೆ ಹೇಳಿರಲಿಲ್ಲ. ಆಕೆ ಒಂದು ಮಾತೂ ಎದುರಾಡದೆ ಒಳಗೆ ಓಡಿದಳು.